ಶರಣವ್ವನ ಅಪ್ಪನ ಬೆನ್ನು

ಮೊನ್ನೆ ಅಮಾವಾಸ್ಯೆಯ ದಿನ ಮಸ್ಕಿ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮಿರ್ಚಿ ತಿನ್ನುತ್ತ ಕೂತಿದ್ದೆ. ಗುರುತು ಪರಿಚಯವಿಲ್ಲದ ಒಬ್ಬರು ಎದುರಿಗೆ ಬಂದು ಕೂತರು. ಕೂತವರೇ ತಮ್ಮ ಮೊಬೈಲನ್ನು ನನ್ನ ಮೂಗಿನ ತುದಿಗೆ ತಂದು, "ನೋಡ್ರಿ ಇಲ್ಲಿ, ಹೆಂಗ ಹೊಡದಾರ" ಎಂದರು. ಯಾವುದೋ ದೇಶ ಇನ್ಯಾವುದೋ ದೇಶದ ಮೇಲೆ ಬಿದ್ದಿತ್ತು. ಬಾವುಟ ಇತ್ತು, ಬಂದೂಕು ಇತ್ತು, ಹಿಂದೆ ಎದೆ ನಡುಗುವ ಸಂಗೀತ ಇತ್ತು. ನೀವಾಗಿದ್ದರೆ ಬಾವುಟ ನೋಡುತ್ತಿದ್ದಿರಿ. ನಾನು ಹೊಗೆ ನೋಡಿದೆ. ಎಡಗಡೆಯ ಹೊಗೆಯೂ ಬಲಗಡೆಯ ಹೊಗೆಯೂ ಅವಳಿ ಮಕ್ಕಳು. ಒಂದೇ ಹೊಗೆಯನ್ನು ಕಾಪಿ ಹೊಡೆದು ಪಕ್ಕಕ್ಕೆ ಅಂಟಿಸಿದ್ದರು, ಒಂಚೂರು ತಿರುಗಿಸಿ ಅಂಟಿಸೋಣ ಎಂಬ ಮರ್ಯಾದೆಯೂ ಇಲ್ಲ. "ಕೆಲಸ ಭಾಳ ಹಲ್ಕಾ ಆಗೇತ್ರಿ" ಎಂದೆ. ಅವರು ನಾನೇ ಶತ್ರುದೇಶದಿಂದ ಬಂದವನೆಂಬಂತೆ ದಿಟ್ಟಿಸಿ, ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದರು. ಆ ತಟ್ಟೆಯಲ್ಲಿ ಒಂದು ಮಿರ್ಚಿ ನನ್ನದಿತ್ತು. ಯುದ್ಧದಲ್ಲಿ ಇಂಥ ನಷ್ಟ ಇದ್ದದ್ದೇ.

ತಪ್ಪು ತಿಳಿಯಬೇಡಿ, ಯುದ್ಧದ ಬಗ್ಗೆ ನನಗೆ ಏನೂ ಗೊತ್ತಿಲ್ಲ. ನಾನು ದಿನಾ ಮಾಡುವ ಯುದ್ಧ ಒಂದೇ. ತುರ್ವಿಹಾಳದ ಬೆಳಗಿನ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವುದು. ಸೀಟು ಹೋಗಲಿ, ಎಷ್ಟೋ ಸಲ ಟವೆಲೂ ವಾಪಸ್ ಸಿಕ್ಕಿಲ್ಲ. ಆದರೆ ಹೊಗೆ, ಆಕಾಶ, ಸೂರ್ಯ, ಜನಜಂಗುಳಿ, ಇವು ಗೊತ್ತು. ಸಿಂಧನೂರಿನ ಒಂದು ಫೋಟೋ ಸ್ಟುಡಿಯೋದಲ್ಲಿ ನಾನು ಮಿಕ್ಸಿಂಗ್ ಮಾಡುವವನು. ಮದುವೆಗೆ ಬಾರದ ಸೋದರಮಾವನನ್ನು ಗ್ರೂಪ್ ಫೋಟೋದಲ್ಲಿ ನಿಲ್ಲಿಸುವುದು, ಕಾಲುವೆ ದಂಡೆಯ ಮೇಲೆ ನಿಂತ ಜೋಡಿಯನ್ನು ಹಿಮದ ಬೆಟ್ಟಕ್ಕೆ ಸಾಗಿಸುವುದು, ಇವು ನನ್ನ ಕಸುಬು. ಹಾಗೆ ಸಾಗಿಸುವಾಗ ಒಮ್ಮೆ ಹಿಂದಿದ್ದ ಎಮ್ಮೆಯನ್ನು ಅಳಿಸಲು ಮರೆತೆ. ಆ ದಂಪತಿಗೆ ಈಗ ಎರಡು ಮಕ್ಕಳು. ಎಮ್ಮೆ ಮಾತ್ರ ಇವತ್ತಿಗೂ ಹಿಮದ ನಡುವೆ ನಿಂತು ಮೆಲುಕು ಹಾಕುತ್ತಿದೆ.

ಎಮ್ಮೆಯದು ಸಣ್ಣ ತಪ್ಪು. ಒಬ್ಬ ಮುಖಂಡರ ಸಭೆಯ ಕತೆ ಕೇಳಿ. ಸಭೆಗೆ ಜನರಿಗಿಂತ ಕುರ್ಚಿಗಳು ಹೆಚ್ಚು ಬಂದಿದ್ದವು. "ಮಂದಿ ತುಂಬಸು" ಎಂದು ಅವರ ಹುಡುಗರು ಫೋಟೋ ತಂದುಕೊಟ್ಟರು. ನಾನು ಮುಂದಿನ ಎರಡು ಸಾಲನ್ನು ಕಾಪಿ ಮಾಡಿ ಹಿಂದಕ್ಕೆ, ಅದರ ಹಿಂದಕ್ಕೆ, ಅದರ ಹಿಂದಕ್ಕೆ ಅಂಟಿಸುತ್ತ ಹೋದೆ. ಫ್ಲೆಕ್ಸ್ ಸರ್ಕಲ್ಲಿನಲ್ಲಿ ಏರಿತು. ಮೂರನೇ ದಿನ ಒಬ್ಬ ಹೆಣ್ಣುಮಗಳು ಸ್ಟುಡಿಯೋಕ್ಕೆ ಬಂದು, "ನನ್ನ ಗಂಡ ಆವತ್ತು ಗದ್ದಿಗಿ ನೀರ ಬಿಡಾಕ ಹೊಂಟೀನಂತ ಹೇಳಿ ಹೋಗಿದ್ದ. ಇಲ್ಲಿ ನೋಡಿದ್ರ ಹನ್ನೊಂದು ಕಡೆ ಕುಂತು ಚಪ್ಪಾಳಿ ಹೊಡ್ಯಾಕತ್ತಾನ" ಎಂದಳು. ಹಳದಿ ಟವೆಲ್ಲಿನ ಮನುಷ್ಯ. ಎಣಿಸಿದೆ. ಹನ್ನೊಂದೇ.

ಆಮೇಲೆ ಸತ್ತವರ ಕೆಲಸ. ಇದು ನಮ್ಮ ಕಡೆಯ ಸ್ಟುಡಿಯೋಗಳ ಗುಟ್ಟು, ನಿಮಗೆ ಹೇಳುತ್ತೇನೆ, ಯಾರ ಮುಂದೆಯೂ ಆಡಬೇಡಿ. ಹಿಂದೆ ಹಿರಿಯರ ಹಬ್ಬ ಬಂದರೆ ಮನೆಯಲ್ಲಿ ಸತ್ತವರ ಹೆಸರಿನಲ್ಲಿ ಒಂದು ಕೊಡ ಪೂಜಿಸಿ, ಹೊಸ ಧೋತ್ರವನ್ನೋ ಸೀರೆಯನ್ನೋ ಇಟ್ಟು, ಮುಂದೆ ಎಡೆ ಬಡಿಸುತ್ತಿದ್ದರಂತೆ. ಈಗ ಫೋಟೋ ಬೇಕು. ಫೋಟೋ ಇಲ್ಲದ ಹಿರಿಯರಿಗೆ ಊಟ ಇಲ್ಲ ಎನ್ನುವ ಕಾಲ. ಹಾಗಾಗಿ ಮಹಾಲಯ ಅಮಾವಾಸ್ಯೆಗೆ ಹದಿನೈದು ದಿನ ಇರುವಾಗಲೇ ನಮ್ಮಲ್ಲಿ ಸತ್ತವರ ಸರದಿ ಶುರುವಾಗುತ್ತದೆ. ಮತದಾರರ ಚೀಟಿಯ ಬೆರಳುಗುರಿನಷ್ಟು ಮುಖ ತರುತ್ತಾರೆ. ಕೆಲವರು ಹೆಣವನ್ನು ಕೂರಿಸಿದಾಗ ತೆಗೆದ ಫೋಟೋ ತರುತ್ತಾರೆ, ಅದಕ್ಕೆ ಕಣ್ಣು ತೆರೆಸಬೇಕು. ಕಣ್ಣು ತೆರೆಸಿದ ಮೇಲೆ ಕೋಟು ತೊಡಿಸಬೇಕು. ಜೀವನವಿಡೀ ಹರಕು ಬನಿಯನ್ನಿನಲ್ಲಿ ಗದ್ದೆ ಕಾಯ್ದವರಿಗೆ ನಾನು ಸತ್ತ ಮೇಲೆ ಕೋಟು, ಟೈ, ಕೆಲವೊಮ್ಮೆ ಕನ್ನಡಕವನ್ನೂ ಕೊಟ್ಟಿದ್ದೇನೆ. ಮೂರು ತಾಲೂಕಿನ ಹಿರಿಯರು ಮೇಲೆ ಸಭೆ ಸೇರಿದರೆ ಎಲ್ಲರೂ ಒಂದೇ ಬ್ಯಾಂಕಿನ ಮ್ಯಾನೇಜರುಗಳ ಹಾಗೆ ಕಾಣುತ್ತಾರೆ.

ಸ್ಟುಡಿಯೋದ ಮಾಲೀಕ ಮೆಹಬೂಬಣ್ಣ. ಕ್ಯಾಮೆರಾ ಹಿಡಿದು ಮೂವತ್ತು ವರ್ಷ ಸವೆಸಿದ ಮನುಷ್ಯ. ನಾನು ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದರು: "ಕ್ಯಾಮೆರಾ ಸುಳ್ಳು ಹೇಳಂಗಿಲ್ಲಲೇ. ಅದಕ್ಕ ಹೇಳಾಕ ಬರಂಗಿಲ್ಲ. ಅದಕ್ಕಂತನ ನಿನ್ನ ಇಟ್ಕೊಂಡೀನಿ."

ಎರಡು ವರ್ಷದ ಹಿಂದೆ, ಹೀಗೇ ಅಮಾವಾಸ್ಯೆ ಹತ್ತಿರ ಬಂದಾಗ, ಮಸ್ಕಿಯ ಶರಣವ್ವ ಒಬ್ಬಳೇ ಬಸ್ಸು ಹತ್ತಿ ನಮ್ಮಲ್ಲಿಗೆ ಬಂದಳು. ಎಂಬತ್ತು ದಾಟಿದ ಮುದುಕಿ, ಊರುಗೋಲಿಲ್ಲ. ಹೆಗಲ ಮೇಲೊಂದು ಚೀಲ. ಸರದಿಯಲ್ಲಿದ್ದ ನಾಲ್ಕು ಜನರನ್ನು "ನಿಮ್ಮ ಮಂದಿ ಮೊನ್ನಿ ಮೊನ್ನಿ ಸತ್ತಾರ, ತಡೀರಿ" ಎಂದು ಸರಿಸಿ, ಚೀಲದಿಂದ ಹಳೇ ಇಳಕಲ್ ಸೀರೆಯ ಗಂಟೊಂದನ್ನು ತೆಗೆದು ನನ್ನ ಕೀಬೋರ್ಡಿನ ಮೇಲೇ ಇಟ್ಟಳು. ಬಿಚ್ಚಿದರೆ ಒಣ ಬೇವಿನೆಲೆ, ತಂಬಾಕಿನ ಎಲೆ, ಅದರೊಳಗೆ ಪುಸ್ತಕ. ನಾನು ಮೂರು ಸಲ ಸೀನಿದೆ.

"ಆಯಿ, ಇದೇನ ತಂಬಾಕಿನ ಅಂಗಡಿ ತಂದೀರಲ್ಲ?" ಎಂದೆ.

"ಹುಳ ಹತ್ತಬಾರದಂತ ಇಟ್ಟದ್ದು. ಎಂಬತ್ತು ವರ್ಷದಾಗ ಒಂದು ಹುಳ ಹತ್ತಿಲ್ಲ. ಇವತ್ತ ನೀ ಹತ್ತಾಕತ್ತಿ. ಕೈ ತೊಳಕೊಂಡು ಮುಟ್ಟು" ಎಂದಳು.

ಜೋಳದ ರೊಟ್ಟಿಯಷ್ಟು ಅಗಲದ, ಖಾಕಿ ಬಟ್ಟೆಯ ರಟ್ಟಿನ ಪುಸ್ತಕ. ಎರಡನೆಯ ಮಹಾಯುದ್ಧದ ಕಾಲದ್ದು. ಎಲ್ಲೋ ದೂರದ ಮರಳುಗಾಡಿನಲ್ಲಿ ನಡೆದ ದಂಡಯಾತ್ರೆಯ ಫೋಟೋಗಳು. ಪ್ರತಿ ಫೋಟೋದ ಕೆಳಗೆ ಒಂದು ಸಾಲು ಉರ್ದು, ಒಂದು ಸಾಲು ಇಂಗ್ಲಿಷ್. ನಮ್ಮ ಸೀಮೆ ಆಗ ನಿಜಾಮರದಲ್ಲವೇ, ಹಾಗಾಗಿ ಉರ್ದು ಮೇಲೆ ಕೂತಿತ್ತು. ಇಂಥವಕ್ಕೆ ಯುದ್ಧಪ್ರಚಾರದ ಪುಸ್ತಕ ಎನ್ನುತ್ತಾರೆಂದು ಆಮೇಲೆ ತಿಳಿಯಿತು. ಆವತ್ತು ಪುಟ ತಿರುವಿದಾಗ ನನಗೆ ಅನ್ನಿಸಿದ್ದು ಒಂದೇ: ಇದು ಮದುವೆ ಆಲ್ಬಂ. ಎಲ್ಲರೂ ನಗುತ್ತಿದ್ದರು. ಟ್ಯಾಂಕಿನ ಮೇಲೆ ಕೂತು ನಗುವವರು, ಗಡ್ಡ ಹೆರೆದುಕೊಳ್ಳುತ್ತ ನಗುವವರು, ಮೇಕೆಮರಿ ಎತ್ತಿಕೊಂಡು ನಗುವವರು. ಮರಳುಗಾಡು ಎನ್ನುತ್ತಾರೆ, ಒಬ್ಬರ ಬೂಟಿಗೂ ಮರಳಿಲ್ಲ. ಬೇಸಿಗೆಯಲ್ಲಿ ಲಿಂಗಸುಗೂರಿಗೊಮ್ಮೆ ಬೈಕಿನಲ್ಲಿ ಹೋಗಿ ಬಂದರೆ ನನ್ನ ಹಲ್ಲಿನ ಸಂದಿಯಲ್ಲಿ ಅರ್ಧ ತಾಲೂಕು ಇರುತ್ತದೆ. ನಾಲ್ಕು ಪುಟಕ್ಕೊಬ್ಬ ದೊಡ್ಡ ಸಾಹೇಬ ದೂರಕ್ಕೆ ಬೆರಳು ಮಾಡಿ ಏನನ್ನೋ ತೋರಿಸುತ್ತಿದ್ದ. ಏನನ್ನು ಎಂದು ಕೊನೆಯ ಪುಟದವರೆಗೂ ಗೊತ್ತಾಗುವುದಿಲ್ಲ. ಮದುವೆಯಲ್ಲಿ ನಮ್ಮ ಫೋಟೋಗ್ರಾಫರ್ ಮದುಮಗನಿಗೆ "ಅಲ್ಲಿ ನೋಡ್ರಿ, ಅಲ್ಲಿ ತೋರಸ್ರಿ" ಎಂದು ಬೆರಳು ಮಾಡಿಸುತ್ತಾನಲ್ಲ, ಅದೇ ಬೆರಳು.

ಶರಣವ್ವ ಬೇಕಾದ ಪುಟ ತೆರೆದಳು. ಹತ್ತು ಹನ್ನೆರಡು ಸಿಪಾಯಿಗಳು ಬಂದೂಕು ಮುಂದೆ ಮಾಡಿ, ಬಾಯಿ ತೆರೆದು, ನಮ್ಮ ಕಡೆಗೇ ನುಗ್ಗಿ ಬರುತ್ತಿದ್ದಾರೆ. ಮೆಹಬೂಬಣ್ಣ ಚಿಕ್ಕಂದಿನಲ್ಲಿ ಮಸೀದಿಯಲ್ಲಿ ಕಲಿತ ಉರ್ದುವನ್ನು ನೆನಪಿನ ತಳದಿಂದ ಎತ್ತಿ, ಅಕ್ಷರಕ್ಕೊಮ್ಮೆ ಉಸಿರು ತೆಗೆದುಕೊಳ್ಳುತ್ತ ಓದಿದರು: "ಹಮಾರೇ... ಬಹಾದುರ್... ಜವಾನ್... ಹಸ್ತೇ ಹಸ್ತೇ... ದುಶ್ಮನ್ ಪರ್..." ಓದಿ ಕನ್ನಡಕ ಕೆಳಗಿಳಿಸಿದರು. "ನಮ್ಮ ಶೂರರು ನಕ್ಕೊಂತ ನಕ್ಕೊಂತ ವೈರಿ ಮ್ಯಾಲೆ ಬಿದ್ದಾರಂತ. ಬೀಗರ ಮ್ಯಾಲೆ ಬಣ್ಣ ಹಾಕಾಕ ಹೊಂಟಂಗ ಬರದಾರ."

"ಫೋಟೋ ತಗದಾಂವ ವೈರಿ ಕಡೆ ನಿಂತಾನಲ್ಲಣ್ಣ" ಎಂದೆ. "ಎಲ್ಲಾರೂ ಅವನ ಕಡೀನ ಓಡಿ ಬರಾಕತ್ತಾರ. ಅವಗ ಗುಂಡು ಬೀಳಲಿಲ್ಲೇನು?"

"ಬೇವಕೂಫ, ಅವ ವೈರಿಗಿ ಮೊದಲ ಹೇಳಿರ್ತಾನ. ಒಂದು ಐದು ಮಿನಿಟು ತಡೀರಿ, ಫೋಟೋ ಐತಿ ಅಂತ."

ಶರಣವ್ವ ನಮ್ಮಿಬ್ಬರನ್ನೂ ಲೆಕ್ಕಕ್ಕಿಡದೆ ಬೆರಳನ್ನು ಫೋಟೋದ ಬಲತುದಿಗೆ ಒಯ್ದಳು. ಅಲ್ಲಿ ಒಬ್ಬ ಮನುಷ್ಯ ಉಳಿದವರೆಲ್ಲ ಬರುತ್ತಿದ್ದ ದಿಕ್ಕಿಗೆ ವಿರುದ್ಧವಾಗಿ ಹೋಗುತ್ತಿದ್ದ. ಬಂದೂಕಿಲ್ಲ. ಬಲಗೈಯಲ್ಲಿ ಬಕೆಟ್ಟು. ಮುಖ ಕಾಣುವುದಿಲ್ಲ, ಬೆನ್ನಷ್ಟೇ. ಒಂದು ಭುಜ ತುಸು ಇಳಿದಿತ್ತು. ಇಡೀ ಪುಸ್ತಕದಲ್ಲಿ ನಿಜವಾದ ಕೆಲಸ ಇದ್ದವನು ಅವನೊಬ್ಬನೇ ಇರಬೇಕು. ಸೀಟಿ ಊದಿ ಎಲ್ಲರನ್ನೂ ಓಡಿಸಿದಾಗ ಇವನಿಗೆ ಕೇಳಿಸಿಲ್ಲ, ಅಥವಾ ಕೇಳಿಸಿದರೂ ಒಲೆಯ ಮೇಲೆ ಬೇಳೆ ಇತ್ತು.

"ನಮ್ಮಪ್ಪ" ಎಂದಳು ಶರಣವ್ವ.

ಆಕೆ ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಶರಣವ್ವ ಹೊಟ್ಟೆಯಲ್ಲಿದ್ದಾಗ ಅಪ್ಪ ದಂಡಿಗೆ ಸೇರಿ ಹೋದ. ಅಡುಗೆಗೋ ನೀರಿಗೋ ಯಾವುದಕ್ಕೆ ಸೇರಿದನೋ ಮನೆಯವರಿಗೆ ಗೊತ್ತಿಲ್ಲ. ಒಂದೂವರೆ ವರ್ಷಕ್ಕೆ ಕಾಗದ ಬಂತು, ಪತ್ತೆ ಇಲ್ಲ ಎಂದು. ಸತ್ತಿದ್ದಾನೆ ಎಂದಲ್ಲ, ಪತ್ತೆ ಇಲ್ಲ. ಊರಿನ ಹೆಣ್ಣುಮಕ್ಕಳು ಬಳೆ ಒಡೆಸಲು ಬಂದರು. ಅವ್ವ ಬಾಗಿಲು ಹಾಕಿಕೊಂಡಳು. ಅಷ್ಟರಲ್ಲಿ ದಂಡಿಗೆ ಹೋದವರ ಮನೆಯವರು ಲಿಂಗಸುಗೂರಿನ ಕಚೇರಿಗೆ ಬರಬೇಕೆಂದು ಡಂಗುರ ಆಯಿತು. ಅವ್ವ ಕೂಸನ್ನು ಕಟ್ಟಿಕೊಂಡು ಮಸ್ಕಿಯಿಂದ ನಡೆದೇ ಹೋದಳು. ಗಂಡ ಸಿಗುತ್ತಾನೆಂದು ಹೋದವಳಿಗೆ ಒಂದು ಹಿಡಿ ಬತ್ತಾಸು, ಒಂದು ಪುಸ್ತಕ ಸಿಕ್ಕಿತು. ಕಚೇರಿಯ ಬೇವಿನ ಗಿಡದ ಕೆಳಗೆ ಕೂತು, ಓದಲು ಬಾರದ ಆ ಹೆಣ್ಣುಮಗಳು ಪುಟ ಪುಟ ತಿರುವಿದಳು.

"ಮುಖ ಒಂದೂ ಗುರುತು ಹತ್ತಲಿಲ್ಲಂತ. ಬೆನ್ನ ಗುರುತು ಹತ್ತಿತಂತ" ಎಂದಳು ಶರಣವ್ವ. "ಹೋಗುವಾಗ ಅವ್ವ ನೋಡಿದ್ದು ಬೆನ್ನಲ್ಲೇನು. ಭುಜ ಇಳಿಬಿಟ್ಟು ನಡೀತಿದ್ನಂತ."

ಬಕೆಟ್ ಹಿಡಿದರೆ ಯಾರ ಭುಜವಾದರೂ ಇಳಿಯುತ್ತದೆ. ಇದನ್ನು ನಾನು ಆವತ್ತು ಬಾಯಿಬಿಟ್ಟು ಹೇಳಲಿಲ್ಲ. ನನ್ನ ಬಾಳಿನ ಒಳ್ಳೆಯ ಕೆಲಸಗಳ ಪಟ್ಟಿಯಲ್ಲಿ ಸದ್ಯಕ್ಕೆ ಅದೊಂದೇ ಇದೆ.

ಮೆಹಬೂಬಣ್ಣ ಅಷ್ಟು ಹೊತ್ತು ಪುಸ್ತಕವನ್ನು ಮೊದಲಿನಿಂದ ಕೊನೆಗೆ, ಕೊನೆಯಿಂದ ಮೊದಲಿಗೆ ತಿರುವುತ್ತಿದ್ದರು. "ಇದರಾಗ ನಮ್ಮ ಕಡೇವರು ಒಬ್ಬನೂ ಸತ್ತಿಲ್ಲಲೇ" ಎಂದರು. "ಇಷ್ಟು ದೊಡ್ಡ ಲಡಾಯಿ. ಒಬ್ಬನ ಕೈಗೆ ಪಟ್ಟಿ ಕಟ್ಯಾರ, ಅಂವನೂ ನಗಾಕತ್ತಾನ."

"ಅದಕ್ಕಪಾ" ಎಂದಳು ಶರಣವ್ವ. "ಸರಕಾರದ ಬುಕ್ಕಿನ್ಯಾಗ ಯಾರೂ ಸತ್ತಿಲ್ಲ, ನನ್ನ ಗಂಡ ಒಬ್ಬ ಹೆಂಗ ಸತ್ತಾನು ಅಂತ ಅವ್ವ ಕುಂತುಬಿಟ್ಲು. ಕಡೀತನಾ ಕೈತುಂಬ ಬಳಿ, ಹಣಿಮ್ಯಾಲ ಕುಂಕುಮ. ಹಿರ್ಯಾರ ಹಬ್ಬಕ್ಕ ಅಪ್ಪನ ಹೆಸರ ಎತ್ತಗೊಡ್ತಿರಲಿಲ್ಲ. ಬದುಕಿದಾಂವಗ ಎಡಿ ಇಟ್ರ ಆಯುಷ್ಯ ಕಡಿಮಿ ಆಕೈತಿ ಅಂತಿದ್ಲು. ಅವ್ವ ಹ್ವಾದ ಮ್ಯಾಲ ನನಗೂ ಧೈರ್ಯ ಬರಲಿಲ್ಲ. ಈಗ ನಂದೂ ವ್ಯಾಳ್ಯಾ ಬಂತು. ನಾ ಹ್ವಾದರ ಅವನ ಹೆಸರ ಹೇಳಾಕ ಭೂಮಿ ಮ್ಯಾಲ ಒಂದು ಬಾಯಿ ಇಲ್ಲ. ಎಂಬತ್ತು ವರ್ಷ ಅತ್ತ ಬದುಕಿದವರ ಸಾಲಿನ್ಯಾಗೂ ಇಲ್ಲ, ಇತ್ತ ಸತ್ತವರ ಸಾಲಿನ್ಯಾಗೂ ಇಲ್ಲ. ಉಪಾಸ ನಿಂತಾನ. ಈ ಅಮಾಸಿಗಿ ಒಂದು ಎಡಿ ಇಡತೀನಿ. ಇದೊಂದ ದೊಡ್ಡದು ಮಾಡಿಕೊಡು."

"ಮುಖ ಬೇಕಲ್ಲ ಆಯಿ" ಎಂದೆ.

"ಮುಖ ಯಾರು ನೋಡ್ಯಾರ" ಎಂದಳು.

ಜಾಣನಾದವನು ಆ ಮಾತನ್ನು ಕೇಳಿ ಸುಮ್ಮನೆ ಬೆನ್ನನ್ನು ದೊಡ್ಡದು ಮಾಡುತ್ತಿದ್ದ. ನಾನು ಅದನ್ನು ಸವಾಲೆಂದು ತೆಗೆದುಕೊಂಡೆ. ಪುಟ ಸ್ಕ್ಯಾನ್ ಮಾಡಿಕೊಂಡು ಪುಸ್ತಕ ವಾಪಸ್ ಕೊಟ್ಟು ಕಳಿಸಿದವನೇ ಕೆಲಸಕ್ಕೆ ಕೂತೆ. ಎಂಬತ್ತು ವರ್ಷದಿಂದ ಯಾರೂ ನೋಡದ ಮುಖವನ್ನು ನಾನು ಮೂರು ದಿನದಲ್ಲಿ ತೋರಿಸುತ್ತೇನೆ ಎಂಬ ಹುಮ್ಮಸ್ಸು. ಮೂಗು ಶರಣವ್ವನದೇ ಇಟ್ಟೆ, ಮಗಳ ಮೂಗಲ್ಲವೇ. ಗದ್ದ ಮುಂದಿನ ಸಾಲಿನಲ್ಲಿ ಬಾಯಿ ತೆರೆದು ನುಗ್ಗುತ್ತಿದ್ದ ಸಿಪಾಯಿಯದು. ಮೀಸೆ ನಮ್ಮ ಸ್ಟುಡಿಯೋದ ರೆಡಿಮೇಡ್ ಮೀಸೆ. ಬಕೆಟ್ ತೆಗೆದು ಬಂದೂಕು ಕೊಟ್ಟೆ. ಎದೆ ಖಾಲಿ ಕಂಡಿತೆಂದು ನಾಲ್ಕು ಪದಕ. ಹಿಂದೆ ಸೂರ್ಯ ಹುಟ್ಟಿಸಿದೆ, ಎರಡೂ ಕಡೆ ಟ್ಯಾಂಕು ನಿಲ್ಲಿಸಿದೆ, ಟ್ಯಾಂಕಿನ ಮೇಲೊಂದು ಪಾರಿವಾಳ ಹಾರಿಸಿದೆ. ಆ ಪಾರಿವಾಳ ಒಂದು ಮದುವೆ ಆಲ್ಬಮ್ಮಿನದು, ಬಾಯಲ್ಲಿ ಕೆಂಪು ಗುಲಾಬಿ ಇತ್ತು. ಗುಲಾಬಿ ಅಳಿಸಲು ಹೋಗಿ ಕೊಕ್ಕೂ ಅಳಿದುಹೋಯಿತು. ಇರಲಿ ಬಿಡು, ಯುದ್ಧದಲ್ಲಿ ಗಾಯವಾಗಿದೆ ಎಂದುಕೊಂಡೆ.

ಮೆಹಬೂಬಣ್ಣ ನೋಡಿ ತಲೆ ಕೆರೆದುಕೊಂಡರು. "ಆಕಿ ಬೆನ್ನ ಕೇಳಿದ್ಲಲ್ಲಲೇ."

"ಬೆನ್ನ ಯಾರರ ಕಟ್ಟು ಹಾಕಸ್ತಾರೇನಣ್ಣ? ಮುಖ ನೋಡಿ ಮುದುಕಿ ಕಾಲಿಗೆ ಬಿದ್ರೂ ಬೀಳಬಹುದು, ನೋಡ್ತಿರು."

ಲಿಂಗಸುಗೂರಿಗೆ ಹೋಗಿ ಬಂಗಾರದ ಬಣ್ಣದ ಕಟ್ಟು ಹಾಕಿಸಿದೆ. ಅಮಾವಾಸ್ಯೆಯ ಹಿಂದಿನ ದಿನ ನಾನೇ ಮಸ್ಕಿಯಲ್ಲಿ ಇಳಿದು, ಫ್ರೇಮನ್ನು ಮದುಮಗಳ ಹಾಗೆ ಎದೆಗವಚಿಕೊಂಡು ಆಕೆಯ ಮನೆಗೆ ಹೋದೆ. ಶರಣವ್ವ ಪಡಸಾಲೆಯಲ್ಲಿ ಕಡಲೆಬೇಳೆ ಆರಿಸುತ್ತಿದ್ದಳು. ಸೊಸೆ ನೀಲಮ್ಮ ಬೀಸಣಿಗೆ ಬಿಟ್ಟು ಎದ್ದು ಬಂದರು. ನಾನು ಕಾಗದ ಬಿಡಿಸಿದೆ.

ಶರಣವ್ವ ಕೈಯಲ್ಲಿದ್ದ ಬೇಳೆ ಮೊರಕ್ಕೆ ಹಾಕಿ ನೋಡಿದಳು.

"ಯಾರಪಾ ಇಂವ?"

"ನಿಮ್ಮಪ್ಪ ಅಲ್ಲೇನ್ರಿ ಆಯಿ."

ನೀಲಮ್ಮ ಹತ್ತಿರ ಬಗ್ಗಿ ನೋಡಿದರು. ಆಮೇಲೆ ಗೋಡೆಯ ಮೇಲಿದ್ದ ತಮ್ಮ ಮಾವನ ಫೋಟೋ ನೋಡಿದರು. ಮತ್ತೆ ಇದನ್ನು ನೋಡಿದರು. "ಅತ್ತಿ, ಇದು ಮಾವನ ಮೀಸಿ" ಎಂದರು.

ಹೌದು. ಐದು ವರ್ಷದ ಹಿಂದೆ ತೀರಿಹೋದ ಶರಣವ್ವನ ಗಂಡನಿಗೂ ಕಣ್ಣು ತೆರೆಸಿ ಕೋಟು ತೊಡಿಸಿ ಕಳಿಸಿದ್ದು ನಮ್ಮ ಸ್ಟುಡಿಯೋನೇ. ಅದೇ ಮೀಸೆ, ಎಡತುದಿ ಒಂದೆಳೆ ಜಾಸ್ತಿ.

"ಗಂಡಗೂ ಅಪ್ಪಗೂ ಒಂದ ಮೀಸಿ ಹಚ್ಚಿಯೇನಪಾ" ಎಂದಳು ಶರಣವ್ವ. ಸಿಟ್ಟಿರಲಿಲ್ಲ. ಕನ್ನಡಕ ಏರಿಸಿ ಫ್ರೇಮಿನ ತುದಿಯಿಂದ ತುದಿಗೆ ಬೆರಳಾಡಿಸಿದಳು. "ಬಕೀಟ ಎಲ್ಲೈತಿ?"

"ತಗದು ಬಂದೂಕ ಕೊಟ್ಟೀನ್ರಿ."

"ಅಂವ ಯಾರನ್ನ ಕೊಂದಾನಂತ ಕೊಟ್ಟಿ?"

ಇದ್ದದ್ದನ್ನು ಹೇಳಿದೆ. "ಆ ಕಡೆ ಮುಖ ಮಾಡಿದ್ರಲ್ರಿ, ಈ ಕಡೆ ಹೊಳ್ಳಿಸೀನಿ. ಚಂದ ಕಾಣಲಿ ಅಂತ."

ಶರಣವ್ವ ಮೊರದಲ್ಲಿದ್ದ ಬೇಳೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ದೂಡಿದಳು. "ನಮ್ಮವ್ವ ಅಂವ ಒಂದ ಸಲ ಹೊಳ್ಳಿ ನೋಡಲಿ ಅಂತ ಜೀವ ಇರೂತನಾ ಆ ಪುಟ ತಗದು ಕುಂದ್ರತಿದ್ಲು. ಹೊಳ್ಳಲಿಲ್ಲ. ನೀ ಮೂರು ದಿನದಾಗ ಹೊಳ್ಳಿಸಿಬಿಟ್ಟಿ" ಎಂದಳು. ಫ್ರೇಮನ್ನು ನನ್ನ ಕಡೆಗೆ ಸರಿಸಿ, "ಇದನ್ನ ಒಯ್ಯಿ. ಗುರುತಿಲ್ಲದಾಂವಗ ನಾ ಹೆಂಗ ಉಣ್ಣಾಕ ನೀಡಲಿ" ಎಂದಳು.

ಆ ವರ್ಷ ಎಡೆ ಇಡಲಿಲ್ಲ. ಬೆಳಗಾದರೆ ಹಬ್ಬ, ಹೊಸದು ಮಾಡಿಸಲು ಹೊತ್ತೆಲ್ಲಿ? ಎಂಬತ್ತು ದಾಟಿದವಳಿಗೆ ಮುಂದಿನ ಅಮಾವಾಸ್ಯೆ ಎಂದರೆ ಏನು ಎಂದು ಬಸ್ಸಿನಲ್ಲಿ ಕೂತಾಗ ತಲೆಗೆ ಬಂತು. ಪಕ್ಕದಲ್ಲಿ ಬಂಗಾರದ ಕಟ್ಟಿನೊಳಗೆ ಆ ವೀರ, ನಾಲ್ಕು ಪದಕ, ಕೊಕ್ಕಿಲ್ಲದ ಪಾರಿವಾಳ. ಅವನಿಗೆ ಕಿಟಕಿಯ ಸೀಟು ಸಿಕ್ಕಿತ್ತು. ಕಂಡಕ್ಟರ್ "ಯಾರ್ರೀ ಇವರು, ನಿಮ್ಮ ಮುತ್ಯಾನೇನು?" ಎಂದು ಕೇಳಿದ. ಹೂಂ ಎಂದೆ. ಅವನು ಫ್ರೇಮಿಗೆ ಕೈಮುಗಿದ. ಅಷ್ಟೇ ನೋಡಿ ಬೇಕಾದದ್ದು. ಆ ಪುಸ್ತಕ ಮಾಡಿದವರಿಗೂ ಇಷ್ಟೇ ಸುಲಭವಾಗಿರಬೇಕು.

ನಾನೆಂಥ ಧೈರ್ಯವಂತ ಎಂದರೆ, ಕೂಡಲೇ ಬೆನ್ನಿನ ಫೋಟೋ ದೊಡ್ಡದು ಮಾಡಿ ಕೊಟ್ಟು ಕ್ಷಮೆ ಕೇಳಿದೆನೆಂದು ನೀವು ತಿಳಿದಿದ್ದರೆ ನನ್ನನ್ನು ನೀವಿನ್ನೂ ಅರಿತಿಲ್ಲ. ಕೊಡೋಣ, ನಾಳೆ ಕೊಡೋಣ ಎಂದುಕೊಂಡು ವರ್ಷ ಕಳೆದೆ. ಹೋದ ವರ್ಷ ಹಿರಿಯರ ಹಬ್ಬ ಬಂದಾಗ ಜ್ವರವೆಂದು ಹೇಳಿ ಒಂದು ವಾರ ಊರಲ್ಲೇ ಮಲಗಿದೆ. ಲಿಂಗಸುಗೂರಿಗೆ ಹೋಗಬೇಕಾದಾಗಲೆಲ್ಲ ಮಸ್ಕಿ ಬಂದೊಡನೆ ಸೀಟಿನ ಕೆಳಗೆ ಚಪ್ಪಲಿ ಹುಡುಕುತ್ತಿದ್ದೆ. ದಂಡಿಗೆ ಸೇರಿದ್ದರೆ ನನ್ನ ಬೆನ್ನಿನ ಫೋಟೋಗಳೇ ಒಂದು ಪುಸ್ತಕವಾಗುತ್ತಿತ್ತು.

ಈ ವರ್ಷ ಹಬ್ಬಕ್ಕೆ ಎಂಟು ದಿನ ಇರುವಾಗ, ಸಿಂಧನೂರಿನಲ್ಲಿ ತುಂಬಿದ ಬಸ್ಸಿನ ಬಾಗಿಲಲ್ಲಿ ನಿಂತ ಅದೇ ಕಂಡಕ್ಟರ್, ನನ್ನನ್ನು ಕಂಡವನೇ ಬಸ್ಸಿನ ಸದ್ದಿಗಿಂತ ಮೇಲೆ ಕೂಗಿದ: "ಮಸ್ಕಿ ಮುದುಕಿ ಹೇಳ್ಯಾಳ. ಬೆನ್ನ ತಯಾರಾಗೇತೇನು ಕೇಳಂತ."

ಮುದುಕಿ ಇದ್ದಾಳೆ. ಕೇಳಿದ ಕೂಡಲೇ ನನಗೆ ಎಷ್ಟು ಹಗುರವಾಯಿತೆಂದರೆ, ಬಸ್ ನಿಲ್ದಾಣದಿಂದ ಸ್ಟುಡಿಯೋವರೆಗೆ ಓಡಿದೆ. ಹಳೇ ಸ್ಕ್ಯಾನ್ ತೆಗೆದೆ. ಈ ಸಲ ಸೂರ್ಯ ಹುಟ್ಟಲಿಲ್ಲ. ಬೆನ್ನು ಇದ್ದ ಹಾಗೆ, ಬಕೆಟ್ ಇದ್ದ ಹಾಗೆ, ಭುಜ ಇಳಿದ ಹಾಗೆ. ಎಷ್ಟು ದೊಡ್ಡದು ಮಾಡಿದರೆ ಅಷ್ಟು ಮಸುಕಾಗುತ್ತಿತ್ತು. ಮಸುಕನ್ನು ಸರಿ ಮಾಡಲು ಕೈ ತುರಿಸಿತು. ಮೆಹಬೂಬಣ್ಣ ಹಿಂದೆ ನಿಂತು, "ನಕ್ಕೋ ರೇ, ಬ್ಯಾಡ, ಕೈ ತಗಿ" ಎಂದರು. ತೆಗೆದೆ. ಕಪ್ಪು ಕಟ್ಟು ಹಾಕಿಸಿದೆ.

ಹೀಗೆ ಮೊನ್ನೆ ಅಮಾವಾಸ್ಯೆಯ ದಿನ ಮಸ್ಕಿಯಲ್ಲಿ ಇಳಿದು, ಮನೆಗೆ ಹೋಗಲು ಧೈರ್ಯ ಸಾಲದೆ ಮಿರ್ಚಿ ತಿನ್ನುತ್ತ ಕೂತಿದ್ದಾಗಲೇ ಆ ಹೊಗೆಯವರು ಬಂದದ್ದು. ಮಿರ್ಚಿ ಕಳೆದುಕೊಂಡ ಮೇಲೆ ಕೂರಲು ಕಾರಣವೂ ಉಳಿಯಲಿಲ್ಲ. ಎದ್ದು ಹೋದೆ.

ಒಳಗಿನ ಕೋಣೆಯಲ್ಲಿ ಹಿರಿಯರ ಫೋಟೋಗಳನ್ನು ಸಾಲಾಗಿ ಜೋಡಿಸಿದ್ದರು. ಎಲ್ಲರೂ ನನ್ನ ಗಿರಾಕಿಗಳು, ಎಲ್ಲರೂ ಕೋಟಿನಲ್ಲಿ. ಶರಣವ್ವ ಫ್ರೇಮನ್ನು ಕೈಗೆ ತೆಗೆದುಕೊಂಡು ಒಮ್ಮೆ ನೋಡಿದಳು. "ಹೂಂ" ಎಂದಳು. ಸಾಲಿನ ಕೊನೆಗೆ ಜಾಗ ಮಾಡಿದಳು. ನೀಲಮ್ಮ ಬಾಳೆಎಲೆ ಹಾಕಿ ಹೋಳಿಗೆ, ಅನ್ನ, ಕಟ್ಟಿನ ಸಾರು, ಪುಂಡಿಪಲ್ಯ, ರೊಟ್ಟಿ ಬಡಿಸಿದರು. ಉಳಿದವರ ಎಲೆಗೆ ಅವರವರ ಇಷ್ಟದ್ದು ಸೇರಿತು, ಒಬ್ಬರಿಗೆ ಚಹಾ, ಒಬ್ಬರಿಗೆ ಎಲೆ ಅಡಿಕೆ.

"ನಿಮ್ಮಪ್ಪ ಏನ ತಿಂತಿದ್ರ ಅತ್ತಿ? ಬೀಡಿ ಸೇದ್ತಿದ್ರೇನು?"

"ಯಾರಿಗಿ ಗೊತ್ತು. ಎಲ್ಲಾ ಇಡು. ಬ್ಯಾಡಾದ್ದು ಬಿಡ್ತಾನ."

ನೀಲಮ್ಮ ವಿಭೂತಿ ಹಿಡಿದು ಸಾಲಿನ ಉದ್ದಕ್ಕೂ ಹಣೆಹಣೆಗೆ ಹಚ್ಚುತ್ತ ಬಂದವರು ಕೊನೆಯ ಫ್ರೇಮಿನ ಮುಂದೆ ನಿಂತರು. ಬೆರಳು ಗಾಳಿಯಲ್ಲೇ ಉಳಿಯಿತು. ನನ್ನ ಕಡೆ ನೋಡಿದರು. ನಾನು ಫೋಟೋದವನು, ಹಣೆ ಎಲ್ಲಿದೆ ಎಂದು ನನಗೆ ಗೊತ್ತಿರಬೇಕಲ್ಲ. ನಾನು ಸೂರು ನೋಡಿದೆ.

ಶರಣವ್ವ ಸೊಸೆಯ ಕೈಯಿಂದ ವಿಭೂತಿ ತೆಗೆದುಕೊಂಡಳು. ಫ್ರೇಮನ್ನು ಎತ್ತಿ, ಹಿಂದುಮುಂದು ತಿರುಗಿಸಿ, ಗೋಡೆಗೆ ಆನಿಸಿದಳು. ಈಗ ನಮ್ಮ ಕಡೆಗೆ ಇದ್ದದ್ದು ಬರೀ ಕಂದು ರಟ್ಟು, ನಾಲ್ಕು ಮೊಳೆ. ಆಕೆ ರಟ್ಟಿನ ಮೇಲ್ಭಾಗದಲ್ಲಿ, ಹಣೆ ಇರಬಹುದಾದ ಎತ್ತರದಲ್ಲಿ, ಮೂರು ಬೆರಳಿನಿಂದ ವಿಭೂತಿ ಎಳೆದಳು.

"ಮುಖ ಈ ಕಡೆ ಇರತೈತಲ್ಲ" ಎಂದಳು. ಎಲೆಯನ್ನು ಒಂದಿಷ್ಟು ಹತ್ತಿರಕ್ಕೆ ಸರಿಸಿದಳು. "ಉಣ್ಣಪಾ."

ಹಿರಿಯರು ಉಣ್ಣುವಾಗ ನೋಡಬಾರದು ಎಂದು ಬಾಗಿಲು ಎಳೆದುಕೊಂಡು ನಾವು ಹೊರಗೆ ಕಟ್ಟೆಯ ಮೇಲೆ ಕೂತೆವು. ಎದುರು ಮನೆಯ ಹೆಂಗಸು ಅಂಗಳ ಗುಡಿಸುತ್ತಿದ್ದವಳು ಪೊರಕೆ ನಿಲ್ಲಿಸಿ ಕೇಳಿದಳು. "ಶರಣವ್ವತ್ತಿ, ಈ ಸಲ ಒಂದು ಎಲಿ ಹೆಚ್ಚಿಗಿ ಹಾಕೀರಂತ. ಯಾರದು?"

"ನಮ್ಮಪ್ಪಂದು" ಎಂದಳು ಶರಣವ್ವ. "ನಮ್ಮಪ್ಪ ತೀರಿಕೊಂಡ."

ಆ ಹೆಂಗಸು ಪೊರಕೆ ಕೆಳಗಿಟ್ಟಳು. "ಅಯ್ಯ, ಯಾವಾಗ್ರೀ?" ಎಂದಳು.

"ಇವತ್ತ."

ನೀಲಮ್ಮ ಎದ್ದು ಹಿತ್ತಲಿಗೆ ಹೋಗಿ ಬಚ್ಚಲ ಒಲೆಗೆ ಕಟ್ಟಿಗೆ ಒಟ್ಟಿದರು. ಸಾವಿನ ಸುದ್ದಿ ಬಂದ ಮನೆಯಲ್ಲಿ ಎಲ್ಲರೂ ತಲೆಯ ಮೇಲೆ ನೀರು ಹಾಕಿಕೊಳ್ಳಬೇಕು. ಮೊದಲು ಶರಣವ್ವ ಹೋದಳು. ಆಮೇಲೆ ನೀಲಮ್ಮ. ನಾನು ಅಂಗಿ ಬಿಚ್ಚಿ ಮಡಚಿ ಕಟ್ಟೆಯ ಮೇಲಿಟ್ಟು, ನನ್ನ ಸರದಿಗೆ ನಿಂತೆ.